ಸಂಪಾದಕರ ಉತ್ತರ: ಮಗನ ತಮಾಷೆಗೆ ನಗಬೇಕಾ, ಬೇಡವಾ?

ದಾವಣಗೆರೆಯಿಂದ ಪತ್ರ ಬರೆದ ತಾಯಿಗೆ,

ನಿಮ್ಮ ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಹಾಸ್ಟೆಲಿನಿಂದ ಬಂದಾಗೆಲ್ಲ ಮನೆಮಂದಿಯನ್ನು ನಗಿಸುತ್ತಾನೆ. ಆದರೆ ತಮಾಷೆಯೆಲ್ಲ ತನ್ನ ಮೇಲೆಯೇ. 'ನಾನು ವೇಸ್ಟ್ ಬಾಡಿ ಅಲ್ವಾ' ಅಂತಾನೆ. ಇದು ಹಾಸ್ಯಪ್ರಜ್ಞೆಯೋ, ಒಳಗಿನ ಸಂಕಟವೋ ಎಂದು ಕೇಳಿದ್ದೀರಿ.

ಎರಡೂ ಇರಬಹುದು. ನಗಿಸುವವರು ಸುಖವಾಗಿಯೇ ಇರುತ್ತಾರೆ ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ 32 ಹೇಳಿಕೆಗಳ ಪ್ರಶ್ನಾವಳಿ ಮಾಡಿ, ಹಾಸ್ಯದಲ್ಲಿ ನಾಲ್ಕು ಬಗೆ ಗುರುತಿಸಿದರು. ಜನರನ್ನು ಹತ್ತಿರ ತರುವುದು ಒಂದು. ಕಷ್ಟದಲ್ಲೂ ನಗುವ ಸಂಗತಿ ಹುಡುಕಿಕೊಂಡು ಹಗುರಾಗುವುದು ಇನ್ನೊಂದು. ಬೇರೆಯವರನ್ನು ಚುಚ್ಚುವುದು ಮೂರನೆಯದು. ನಾಲ್ಕನೆಯದು, ನಾಲ್ಕು ಜನ ಮೆಚ್ಚಲಿ ಅಂತ ತನ್ನನ್ನೇ ತುಳಿದುಕೊಳ್ಳುವುದು. ಆಮೇಲಿನ ಅನೇಕ ಅಧ್ಯಯನಗಳಲ್ಲಿ ಈ ನಾಲ್ಕನೆಯದರ ಜೊತೆ ಆತಂಕ, ಖಿನ್ನತೆ, ತನ್ನ ಬಗ್ಗೆ ಕೀಳರಿಮೆ ಕಾಣಿಸಿಕೊಂಡಿವೆ. ಹಾಗಂತ ತಮಾಷೆಯಿಂದಲೇ ಖಿನ್ನತೆ ಬಂತು ಎನ್ನಲಾಗದು. ಮನಸ್ಸು ಕುಗ್ಗಿದ್ದರಿಂದಲೇ ಅಂಥ ತಮಾಷೆ ಹುಟ್ಟಿರಬಹುದು.

ವ್ಯತ್ಯಾಸ ಹಿಡಿಯುವುದು ಹೇಗೆ? ಬ್ಯಾಕ್‌ಲಾಗ್ (ಇನ್ನೂ ಪಾಸಾಗದ ವಿಷಯ) ಉಳಿಸಿಕೊಂಡ ಒಬ್ಬ ಹುಡುಗ, 'ಮ್ಯಾಥ್ಸ್‌ಗೆ ನನ್ನ ಮೇಲೆ ಲವ್ವು, ಬಿಟ್ಟು ಹೋಗ್ತಾನೇ ಇಲ್ಲ' ಅಂತಾನೆ. ಇನ್ನೊಬ್ಬ, 'ನನ್ನಂಥ ದಂಡಪಿಂಡಕ್ಕೆ ಇನ್ನೇನು ಬರುತ್ತೆ' ಅಂತಾನೆ. ನಗು ಎರಡಕ್ಕೂ ಬರುತ್ತದೆ. ಮೊದಲನೆಯವನು ನಕ್ಕಿದ್ದು ಪರೀಕ್ಷೆಯನ್ನು ನೋಡಿ, ಎರಡನೆಯವನು ತನ್ನನ್ನೇ ನೋಡಿ.

ಇದರಲ್ಲಿ ನಮ್ಮ ಪಾಲೂ ಇದೆ ಬಿಡಿ. ಮದುವೆಮನೆಗೆ ಹೋದರೆ 'ಏನೋ ಕಡ್ಡಿ ಪೈಲ್ವಾನ್', 'ಪಕ್ಕದ್ಮನೆ ಹುಡುಗನಿಗೆ ಪ್ಲೇಸ್‌ಮೆಂಟ್ ಆಯ್ತಂತೆ'. ಮಾವ ಬಾಯಿ ತೆರೆಯುವ ಮೊದಲೇ ತಾನೇ ಅಂದುಬಿಟ್ಟರೆ ಪೆಟ್ಟು ಕಡಿಮೆ ಅನ್ನೋ ಲೆಕ್ಕಾಚಾರ ಹುಡುಗರದು.

'ಹಾಗೆಲ್ಲ ಮಾತಾಡ್ಬೇಡ' ಅಂತ ಗದರಬೇಡಿ. ಆ ಒಂದು ಮಾತಿಗೆ ನಗದಿದ್ದರೆ ಸಾಕು. ಆಮೇಲೆ ಇಬ್ಬರೇ ಇದ್ದಾಗ, 'ನಿಜವಾಗ್ಲೂ ಹಾಗೇ ಅನ್ಸುತ್ತಾ?' ಎಂದು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ನಿದ್ದೆ, ಊಟ ಕೆಟ್ಟಿದೆಯಾ, ಗೆಳೆಯರ ಫೋನ್ ಎತ್ತುವುದು ಬಿಟ್ಟಿದ್ದಾನಾ ಅನ್ನೋದನ್ನೂ ನೋಡಿ.

'ನಾನಿಲ್ದಿದ್ರೆ ನಿಮ್ಗೆ ಖರ್ಚಾದ್ರೂ ಉಳೀತಿತ್ತು' ಅನ್ನುವಂಥ ಮಾತು ಬಂದರೆ ಮಾತ್ರ ತಮಾಷೆ ಅಂತ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನೇ ಮಾಡಬೇಕೆಂದಿಲ್ಲ, ಮೊದಲು ನೀವೇ ಫೋನ್ ಮಾಡಿ ಕೇಳಬಹುದು.

- ಸಂ.