ಗರಿ ಉಳಿಯಿತು, ಗೆಜೆಟ್ ಹೋಯಿತು

ಅಮೆರಿಕದ ಮಿಶಿಗನ್‌ನ ಟ್ರಾಯ್‌ನಿಂದ ಬರೆದ ಓದುಗರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಡೆಟ್ರಾಯಿಟ್‌ನ ಕ್ಯಾಡ್ಯೂ ಕೆಫೆಯಲ್ಲಿ ಬೆಲ್ಜಿಯಂ ಮೂಲದವರ ಫೆದರ್ ಬೌಲಿಂಗ್ ಆಟ ನೋಡಿದಿರಿ, ಮಸೆಲ್ಸ್ ತಿಂದಿರಿ (ಮಂಗಳೂರು ಕಡೆಯವರು ಪಚ್ಚಿಲೆ ಅಂತಾರಲ್ಲ, ಅದೇ), ಆದರೆ ಅವರ ಭಾಷೆ ಆಡುವವರು ಒಬ್ಬರೂ ಸಿಗಲಿಲ್ಲ. "ನಮ್ಮ ಪಂಪ ಕನ್ನಡ ಕೂಟವೂ ಒಂದು ದಿನ ಬರೀ ಒಬ್ಬಟ್ಟಿಗೆ ಬಂದು ನಿಲ್ಲುತ್ತದಾ?" ಅಂತ ಕೇಳಿದ್ದೀರಿ.

ಮೊದಲು ಒಂದು ಚಿಕ್ಕ ತಿದ್ದುಪಡಿ. ಬೆಲ್ಜಿಯಂ ಭಾಷೆ ಅಂತ ಒಂದಿಲ್ಲ. ಡೆಟ್ರಾಯಿಟ್‌ಗೆ ಬಂದವರಲ್ಲಿ ಹೆಚ್ಚಿನವರು ಫ್ಲಾಂಡರ್ಸ್ ಕಡೆಯ ಫ್ಲೆಮಿಶ್ ಜನ, ಅವರದು ಡಚ್ ಮಾತು. ಬೆಲ್ಜಿಯಂನದೇ ಫ್ರೆಂಚ್ ಕಡೆಯ ವಲೂನ್ ಜನ 1853ರಿಂದಲೇ ವಿಸ್ಕಾನ್ಸಿನ್‌ನ ಗ್ರೀನ್ ಬೇ ಸುತ್ತ ಹೊಲ ಮಾಡಿಕೊಂಡಿದ್ದರು. ಒಂದೇ ದೇಶದೊಳಗೆ ಭಾಷೆಯ ಗಡಿ, ನಮಗೇನು ಹೊಸದಾ?

ಪತ್ರಿಕೆ ನಡೆಸುವವನಾದ್ದರಿಂದ ನನಗೆ ಆಟಕ್ಕಿಂತ ಜಾಸ್ತಿ ಕಾಡುವುದು ಅವರ ಪತ್ರಿಕೆ. 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ಅದೇ ತಿಂಗಳು ಕಮಿಲ್ ಕೂಲ್ಸ್ ಎಂಬುವರು ಡೆಟ್ರಾಯಿಟ್‌ನಲ್ಲಿ 'ಗೆಜೆಟ್ ವಾನ್ ಡೆಟ್ರಾಯಿಟ್' ಎಂಬ ಫ್ಲೆಮಿಶ್ ಪತ್ರಿಕೆ ಶುರು ಮಾಡಿದರು. ಅವರು 1916ರಲ್ಲೇ ತೀರಿಕೊಂಡರು, ಪತ್ರಿಕೆ ಮಾತ್ರ ನಿಲ್ಲಲಿಲ್ಲ. ಇಲಿನಾಯ್‌ನ ಮೊಲೀನ್‌ನಲ್ಲಿ 1907ರಿಂದ ಬರುತ್ತಿದ್ದ ಇನ್ನೊಂದು ಫ್ಲೆಮಿಶ್ ಗೆಜೆಟ್ 1940ರಲ್ಲಿ ಇದರೊಳಗೆ ಸೇರಿಹೋಯಿತು. ಆಮೇಲೆ ಮೊಮ್ಮಕ್ಕಳಿಗೂ ಓದಲು ಆಗಲಿ ಅಂತ ಇಂಗ್ಲಿಷ್ ಸೇರಿತು, ಓದುಗರು ಕರಗುತ್ತಾ ಬಂದರು, 2018ಕ್ಕೆ ಮುಗಿಯಿತು. ನೂರನಾಲ್ಕು ವರ್ಷ! ನಮ್ಮ ಪತ್ರಿಕೆಗೆ ಅದರ ಅರ್ಧ ಆಯಸ್ಸು ಸಿಕ್ಕರೂ ನಾನು ಕೈಮುಗಿಯುತ್ತೇನೆ.

ಇನ್ನು ನೀವು ನೋಡಿದ ಫೆದರ್ ಬೌಲಿಂಗ್. ನಡುವೆ ತಗ್ಗಾದ ಮಣ್ಣಿನ ಓಣಿ, ದೂರದಲ್ಲಿ ನೆಲಕ್ಕೆ ಸಿಕ್ಕಿಸಿದ ಒಂದು ಪಾರಿವಾಳದ ಗರಿ. ಉರುಳಿಸುವುದು ಗುಂಡಗಿನ ಚೆಂಡನ್ನಲ್ಲ, ಚೀಸ್ ಗಟ್ಟಿಯಂಥ ದಪ್ಪ ಮರದ ಗಾಲಿಯನ್ನು. ಅದರ ಒಂದು ಮಗ್ಗುಲು ಭಾರ ಇರುವುದರಿಂದ ನೇರ ಹೋಗದೆ ಓಲಾಡಿಕೊಂಡು, ಈ ದಂಡೆ ಹತ್ತಿ ಆ ದಂಡೆಗೆ ಇಳಿದು, ಹಾವಿನಂತೆ ಗರಿಯ ಹತ್ತಿರ ಹೋಗುತ್ತದೆ. ಗರಿಗೆ ಹತ್ತಿರ ನಿಂತ ಗಾಲಿಗೆ ಅಂಕ. ಎದುರಾಳಿ ಬಂದು ತನ್ನ ಗಾಲಿಯಿಂದ ಅದನ್ನು ಗುದ್ದಿ ಎಬ್ಬಿಸಬಹುದು, ತನ್ನ ಗಾಲಿಯನ್ನು ದಾರಿಗೆ ಅಡ್ಡ ನಿಲ್ಲಿಸಲೂಬಹುದು. ಗೋಲಿ ಆಡಿ ಬೆಳೆದ ನಿಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಆಟ ಯಾಕೆ ಉಳಿಯಿತು, ಪತ್ರಿಕೆ ಯಾಕೆ ಹೋಯಿತು? ನನಗೆ ತೋಚುವುದು ಇಷ್ಟು: ಆಟವನ್ನು ಒಬ್ಬರೇ ಆಡಲು ಆಗದು. ಓಣಿ ಅಲ್ಲೇ ಇದೆ, ಅಲ್ಲಿಗೇ ಬರಬೇಕು, ಎದುರಿಗೆ ಇನ್ನೊಬ್ಬರು ಬೇಕು. ಪತ್ರಿಕೆ ಮನೆಗೇ ಬರುತ್ತದೆ, ಅಜ್ಜ ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಸುಮ್ನೆ ಓದುತ್ತಾರೆ, ಮೊಮ್ಮಗ ಆ ಕಡೆ ಟಿವಿ ನೋಡುತ್ತಿರುತ್ತಾನೆ. ಹಾಗಂತ ಆಟ ಉಳಿದರೆ ಭಾಷೆ ಹೋದ ನಷ್ಟ ತುಂಬಿತು ಅಂತ ನಾನು ಹೇಳಲಾರೆ. ತುಂಬುವುದಿಲ್ಲ.

ಆದ್ದರಿಂದ ಒಬ್ಬಟ್ಟನ್ನು ಬೈಯಬೇಡಿ. ಅದನ್ನು ಕೇಟರಿಂಗ್‌ನವರಿಂದ ತರಿಸುತ್ತೀರಾ, ಇಲ್ಲ ಹತ್ತು ಜನ ಕೂತು ತಟ್ಟುತ್ತೀರಾ? ತಟ್ಟುವಾಗ ಮಕ್ಕಳು ಪಕ್ಕದಲ್ಲಿ ಇರುತ್ತಾರಾ? ಹೂರಣ ಕೊಡು ಅನ್ನುವುದನ್ನು ಯಾವ ಭಾಷೆಯಲ್ಲಿ ಅನ್ನುತ್ತಾರೆ? ಮುಂದಿನ ಯುಗಾದಿಗೆ ಗಮನಿಸಿ ಬರೆಯಿರಿ, ಅಚ್ಚು ಹಾಕುತ್ತೇನೆ.

ಅಂದಹಾಗೆ, ನಿಮ್ಮ ಚಂದಾ ಮಾರ್ಚ್‌ಗೇ ಮುಗಿದಿದೆ.

– ಸಂ.