ಲಸಿಕೆಯ ನಂತರ ಜ್ವರ, ಗಂಟು, ಕೀವು: ವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗನಿಗೆ ಒಂದೂವರೆ ತಿಂಗಳಲ್ಲಿ ಪೆಂಟಾವೇಲೆಂಟ್ ಚುಚ್ಚುಮದ್ದು ಹಾಕಿಸಿದ ರಾತ್ರಿಯೇ ಜ್ವರ ಬಂತು. ಮರುದಿನವೆಲ್ಲ ರಚ್ಚೆ ಹಿಡಿದಿದ್ದ. ತೊಡೆಯ ಊತ ಇಳಿದರೂ ಬಟಾಣಿ ಗಾತ್ರದ ಗಂಟು ಉಳಿದಿದೆ. ಮುಂದಿನ ಡೋಸ್ ಬೇಡವೆಂದು ಅತ್ತೆಯವರು ಹೇಳುತ್ತಾರೆ. ಖಾಸಗಿ ಕ್ಲಿನಿಕ್ಕಿನಲ್ಲಿ ‘ನೋವಿಲ್ಲದ ಲಸಿಕೆ’ ಇದೆಯಂತೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮುಂದಿನ ಡೋಸನ್ನು ಹತ್ತನೆಯ ವಾರಕ್ಕೆ ತಪ್ಪದೆ ಹಾಕಿಸಿ. ಈ ಲಸಿಕೆಯಲ್ಲಿ ಗಂಟಲುಮಾರಿ, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ (ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ) ಜೊತೆಗೆ ನಾಯಿಕೆಮ್ಮಿನ ಅಂಶವೂ ಇದ್ದು, ಕೊಂದ ಇಡೀ ಬ್ಯಾಕ್ಟೀರಿಯಾದಿಂದ ತಯಾರಾದ ಆ ಅಂಶವೇ ಜ್ವರಕ್ಕೂ ಊತಕ್ಕೂ ಮುಖ್ಯ ಕಾರಣ. ಜ್ವರ ಸಾಮಾನ್ಯವಾಗಿ ಮೊದಲ ದಿನವೇ ಬಂದು ಎರಡು ದಿನಗಳಲ್ಲಿ ಬಿಡುತ್ತದೆ. ನೋವಿಲ್ಲದ ಗಂಟು ಕೆಲವು ವಾರ ಉಳಿದು ತಾನಾಗಿ ಕರಗುತ್ತದೆ. ಅದನ್ನು ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಅದು ಕೆಂಪಾಗಿ, ಮುಟ್ಟಿದರೆ ಮಗು ಅಳುವಂತಾದರೆ ಮಾತ್ರ ತೋರಿಸಿ.

ಕ್ಲಿನಿಕ್ಕಿನವರು ಹೇಳುವ ಲಸಿಕೆಯಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಆಯ್ದ ಕೆಲವು ಭಾಗಗಳಷ್ಟೇ ಇರುವುದರಿಂದ ಜ್ವರ, ಊತ ಕಡಿಮೆ ಎಂಬುದು ನಿಜವಾದರೂ ಸೂಜಿ ಚುಚ್ಚಿದ ನೋವು ಎಲ್ಲಿಗೂ ಹೋಗುವುದಿಲ್ಲ. ಆ ಹೆಸರು ನನಗೆ ಅಂಗಡಿಯ ಭಾಷೆಯಂತೆ ಕೇಳಿಸುತ್ತದೆ. ಅದರಿಂದ ನಾಯಿಕೆಮ್ಮಿನ ವಿರುದ್ಧ ಸಿಗುವ ರಕ್ಷಣೆಯೂ ಬೇಗ ಕುಗ್ಗುತ್ತದೆ. ಹಾಗಾಗಿ ಸರ್ಕಾರಿ ಲಸಿಕೆಯನ್ನೇ ಮುಂದುವರಿಸುವುದು ನನ್ನ ಸಲಹೆ. ಎಳೆಗೂಸುಗಳಿಗೆ ನಾಯಿಕೆಮ್ಮು ಬಂದರೆ ಕೆಮ್ಮೇ ಇಲ್ಲದೆ ಉಸಿರು ನಿಂತುಹೋಗುವುದೂ ಉಂಟು ಎಂಬುದನ್ನು ಅತ್ತೆಯವರಿಗೆ ತಿಳಿಸಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆದರೆ ಪ್ರಮಾಣವನ್ನು ವಯಸ್ಸು ನೋಡಿ ಅಂದಾಜಿಸದೆ, ತೂಕ ನೋಡಿ ವೈದ್ಯರಿಂದಲೇ ಬರೆಸಿಕೊಳ್ಳಿ: ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಶಿಶುಗಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧಿ ಇದ್ದರೆ, ಸಿರಪ್‌ನಲ್ಲಿ ಹಲವು ಬಾರಿ 25 ಮಿಲಿಗ್ರಾಂ ಮಾತ್ರ ಇರುತ್ತದೆ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಆಸ್ಪಿರಿನ್ ಕೊಡಲೇಬಾರದು. ಜ್ವರ ಬರುವ ಮುನ್ನವೇ ಔಷಧಿ ಕುಡಿಸುವ ರೂಢಿಯೂ ಬೇಡ.

ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ, ಮಗು ಹಾಲು ಕುಡಿಯದಿದ್ದರೆ ಅಥವಾ ಮೂರು ಗಂಟೆಗೂ ಹೆಚ್ಚು ಕಾಲ ಎಡೆಬಿಡದೆ ಅತ್ತರೆ ತಡಮಾಡದೆ ವೈದ್ಯರ ಬಳಿ ಹೋಗಿ. ಇಷ್ಟು ಚಿಕ್ಕ ಮಗುವಿನ ಎಲ್ಲ ಜ್ವರವನ್ನೂ ಲಸಿಕೆಯ ಲೆಕ್ಕಕ್ಕೆ ಬರೆದು ಸುಮ್ಮನಿರುವುದು ಅಪಾಯ. ಫಿಟ್ಸ್ ಬಂದರೆ, ಮೈ ಸೋತು ಬಿಳಿಚಿಕೊಂಡರೆ ನೇರ ಆಸ್ಪತ್ರೆಗೆ ಒಯ್ಯಿರಿ. ಉಸಿರು ಕಟ್ಟಿಸುವ ತೀವ್ರ ಅಲರ್ಜಿ ಬಹಳ ಅಪರೂಪ; ಬಂದರೆ ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕೂರಿಸುವುದು ಇದಕ್ಕಾಗಿಯೇ. ಇಂಥದ್ದೇನಾದರೂ ಆಗಿದ್ದರೆ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಮುಂದಿನ ಡೋಸ್ ಕೊಡಬೇಕೇ ಎಂಬುದನ್ನು ವೈದ್ಯರು ಆಗ ನಿರ್ಧರಿಸುತ್ತಾರೆ. ನಿಮ್ಮ ಮಗನಿಗೆ ಆದದ್ದು ಮಾತ್ರ ಲಸಿಕೆ ನಿಲ್ಲಿಸುವಂಥದ್ದಲ್ಲ.

ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ರೀತಿ ಬೇರೆ. ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಜ್ವರ, ಸಣ್ಣ ಗುಳ್ಳೆಗಳು ಏಳರಿಂದ ಹನ್ನೆರಡು ದಿನಗಳ ನಂತರ ಕಾಣಿಸಬಹುದು.

ಪ್ರಶ್ನೆ: ಹುಟ್ಟಿದಾಗ ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿದ್ದ ಮಗಳ ಎಡತೋಳಿನಲ್ಲಿ ತಿಂಗಳ ನಂತರ ಗುಳ್ಳೆ ಎದ್ದು ಕೀವು ಬರುತ್ತಿದೆ. ಅರಿಶಿನ ಹಚ್ಚಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅರಿಶಿನವೂ ಬೇಡ, ಮುಲಾಮೂ ಬೇಡ, ಹಿಂಡಲೂಬೇಡಿ. ಬಿಸಿಜಿಯ ಗುಳ್ಳೆ ಏಳುವುದೇ ಎರಡರಿಂದ ಆರು ವಾರಗಳ ನಂತರ, ಮತ್ತು ಅದು ಒಡೆದು ಒಣಗಿ ಕಲೆ ಉಳಿಯುವುದಕ್ಕೆ ಇನ್ನೂ ಕೆಲವು ವಾರ ಬೇಕು. ಎಂದಿನಂತೆ ಸ್ನಾನ ಮಾಡಿಸಿ, ಒಣಗಿಸಿ, ಗಾಳಿಗೆ ಬಿಡಿ. ಎಡ ಕಂಕುಳಲ್ಲಿ ಗೆಡ್ಡೆ ದೊಡ್ಡದಾಗುತ್ತ ಮೆತ್ತಗಾದರೆ ಅಥವಾ ಹುಣ್ಣು ತಿಂಗಳುಗಟ್ಟಲೆ ಮಾಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.