ಲೋಗೊ ಆಮೇಲೆ, ಮೊದಲು ಹೂದಾನಿಯ ತಳದಲ್ಲಿ ನಿಮ್ಮ ಹೆಸರು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಲೋಗೊದಿಂದ ಶುರುವಾಗಿ ಲೋಗೊದಲ್ಲೇ ಮುಗಿಯುತ್ತವೆ. ಯಾವ ಬಣ್ಣ, ಎಷ್ಟು ಹಣ, ಯಾವ ಮುಹೂರ್ತ. ಕಲಬುರಗಿಯ ದಾಲ್ ಮಿಲ್ಲಿನವರೂ ಇದನ್ನೇ ಕೇಳುತ್ತಾರೆ, ಯಾದಗಿರಿಯ ಬಟ್ಟೆ ಅಂಗಡಿಯವರೂ ಇದನ್ನೇ ಕೇಳುತ್ತಾರೆ. ಈ ಸಲ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕಸುಬಿನ ಬಗ್ಗೆ ಬೀದರಿನಿಂದ ಬಂದ ಒಂದು ಪತ್ರಕ್ಕೆ ಬೇಕಾದಷ್ಟು ಜಾಗ ಕೊಟ್ಟು, ಉಳಿದವುಗಳನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ನಡೆದಿದೆ. ಹೊರ ಊರಿನ ವ್ಯಾಪಾರಿ ಮಾಲು ಒಯ್ದು ತನ್ನ ಅಂಗಡಿಯ ಹೆಸರಿನಲ್ಲಿ ಮಾರುತ್ತಾನೆ. ಒಳ್ಳೆಯ ಲೋಗೊ, ಬಂಗಾರದ ಬಣ್ಣದ ಪೆಟ್ಟಿಗೆ, ವೆಬ್‌ಸೈಟ್ ಮಾಡಿಸಿದರೆ ನಮ್ಮದೂ ಬ್ರ್ಯಾಂಡ್ ಆಗುತ್ತದೆ ಎಂದು ಮಗ ಹಟ ಹಿಡಿದಿದ್ದಾನೆ. ಬಿದ್ರಿಗೆ ಹೇಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಅದೇ ಸಾಲದೆ? ಎಷ್ಟು ಖರ್ಚು ಮಾಡಬೇಕು?

ಉತ್ತರ: ಸದ್ಯಕ್ಕೆ ಲೋಗೊದ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ. ನೀವು ಮಾಡಿದ ಒಂದು ಹೂದಾನಿಯನ್ನು ತಲೆಕೆಳಗು ಮಾಡಿ ತಳ ನೋಡಿ. ಅಲ್ಲಿ ಏನೂ ಬರೆದಿರುವುದಿಲ್ಲ. ವ್ಯಾಪಾರಿ ತನ್ನ ಚೀಟಿ ಅಂಟಿಸುವುದು ಆ ಖಾಲಿ ಜಾಗದಲ್ಲೇ. ಕೊಂಡವರಿಗೆ ಕೆಲವು ವರ್ಷಗಳ ನಂತರ ಯಾರದೋ ಮದುವೆಗೆ ಅಂಥದ್ದೇ ಇನ್ನೊಂದು ಬೇಕೆನಿಸಿದರೆ ಅವರು ಚೀಟಿಯಲ್ಲಿರುವ ಅಂಗಡಿಯನ್ನು ಹುಡುಕುತ್ತಾರೆ. ನೀವೊಬ್ಬರು ಇದ್ದೀರಿ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಇದಕ್ಕೆ ಲೋಗೊ ಮದ್ದಲ್ಲ.

ಈ ಅನ್ಯಾಯ ಹಳೆಯದು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಿದ್ರಿ ವಸ್ತುಗಳಿದ್ದವು. ಇಂದು ದೇಶ ವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಬಿದ್ರಿಯ ಹುಕ್ಕಾ ಬುಡಗಳು, ತಟ್ಟೆಗಳು, ಹೂಜಿಗಳು ಗಾಜಿನ ಹಿಂದೆ ಕುಳಿತಿವೆ. ಅವುಗಳ ಮುಂದಿನ ಫಲಕದಲ್ಲಿ ಊರು ಇರುತ್ತದೆ, ಶತಮಾನ ಇರುತ್ತದೆ, ಲೋಹದ ವಿವರ ಇರುತ್ತದೆ. ಮಾಡಿದವರ ಹೆಸರು ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಅಷ್ಟು ನಾಜೂಕಾಗಿ ಉಳಿ ಹಿಡಿದ ಕೈ ಯಾರದು ಎಂದು ಹೇಳಲು ಈಗ ದಾರಿಯೇ ಇಲ್ಲ. ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಬದಿಗೆ ಚಿತ್ರಕಾರ ಎಸ್. ಎಂ. ಪಂಡಿತರನ್ನು ನೋಡಿ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಗೆ ಹೋದವರು. ಸಿನಿಮಾ ಪೋಸ್ಟರ್ ಬರೆದರು, ಕ್ಯಾಲೆಂಡರುಗಳಿಗೆ ಪುರಾಣದ ಚಿತ್ರ ಬರೆದರು. ಅಂದರೆ ಬೇರೆಯವರ ಮಾಲು ಮಾರಲು ಬರೆದರು. ಆದರೆ ಚಿತ್ರದ ಮೂಲೆಯಲ್ಲಿ ಅವರ ಸಹಿ ಇರುತ್ತಿತ್ತು. ಕ್ಯಾಲೆಂಡರ್ ಹಂಚಿದ ಕಂಪನಿ ಯಾವುದೆಂದು ಜನ ಮರೆತಿದ್ದಾರೆ, ಪಂಡಿತರ ಚಿತ್ರವೆಂದು ಮಾತ್ರ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆ. ಕಲೆಗೂ ವ್ಯಾಪಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನನಗೆ ಉಪದೇಶ ಮಾಡುವವರು ಅವರ ಕೆಲಸವನ್ನು ಒಮ್ಮೆ ಸರಿಯಾಗಿ ನೋಡಲಿ.

ಜಿಐ ಬಗ್ಗೆ. ಬಿದ್ರಿಗೆ ಅದು 2006ರಲ್ಲಿ ಸಿಕ್ಕಿತು. ಬೇರೆ ಕಡೆಯ ನಕಲಿ ಮಾಲಿಗೆ ಬಿದ್ರಿ ಎಂಬ ಹೆಸರು ಅಂಟದಂತೆ ಅದು ತಡೆಯಬೇಕು. ಆ ಹಕ್ಕು ನಿಮಗೂ ಬರಬೇಕಾದರೆ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಮನೆಯಲ್ಲಿ ತಲೆಮಾರುಗಳಿಂದ ಕೆಲಸ ನಡೆದಿದೆ ಎಂಬಷ್ಟಕ್ಕೆ ಅದು ತಾನಾಗಿ ಬರುವುದಿಲ್ಲ. ನೋಂದಾಯಿಸಿದರೂ ಅದು ಊರಿಗೆಲ್ಲ ಸೇರಿದ ಗುರುತು. ನಿಮ್ಮ ಕೆಲಸವನ್ನೂ ನಿಮ್ಮ ಓಣಿಯಲ್ಲಿ ಅವಸರದಿಂದ ಮಾಡಿದ ಕೆಲಸವನ್ನೂ ಅದು ಬೇರ್ಪಡಿಸಿ ತೋರಿಸುವುದಿಲ್ಲ. ಆ ಕೆಲಸಕ್ಕೆ ನಿಮ್ಮ ಹೆಸರೇ ಬೇಕು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬಿದ್ರಿಯ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಎಂಬುದು ದೇಶದ ಬಹಳ ಜನರಿಗೆ ಗೊತ್ತಾಯಿತು. ಉಳಿದ ಮನೆಗಳ ಹೆಸರೂ ಹೊರಗೆ ಬರಬೇಕು.

ಹೆಸರು ಹಾಕುವುದು ಹೇಗೆ? ನಿಮ್ಮ ಕಸುಬಿನಲ್ಲೇ ದಾರಿಯಿದೆ. ಸತು ತಾಮ್ರದ ಎರಕಕ್ಕೆ ಮೈಲುತುತ್ತ ಹಚ್ಚಿ, ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು ಹೂಬಳ್ಳಿ ಕೊರೆಯುತ್ತೀರಲ್ಲ, ಆಗಲೇ ತಳದಲ್ಲೂ ಹೆಸರು ಕೊರೆಯಿರಿ. ತಂತಿ ಕೂರಿಸುವ ತಾರಕಶಿ ಕೆಲಸದಂತೆಯೇ ಅಲ್ಲೂ ಬೆಳ್ಳಿ ತಂತಿ ಕೂರಿಸಿ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರದ ಪಾಕದಲ್ಲಿ ಎರಕ ಕಪ್ಪಾಗುತ್ತದೆ, ಬೆಳ್ಳಿಯ ಹೆಸರು ಬೆಳ್ಳಗೇ ಉಳಿಯುತ್ತದೆ. ಅದನ್ನು ಕೆತ್ತಿ ತೆಗೆದರೆ ವಸ್ತುವೇ ಕೆಡುತ್ತದೆ. ಕನ್ನಡದ ದುಂಡು ಅಕ್ಷರಗಳಿಗೆ ತಂತಿ ಚೆನ್ನಾಗಿ ಬಾಗುತ್ತದೆ, ಹಿಂಜರಿಯಬೇಡಿ. ಮನೆತನದ ಹೆಸರು, ಬೀದರ್, ಇಸವಿ, ಇಷ್ಟು ಸಾಕು. ಎರಕ ಹೊಯ್ಯುವವರು, ಕೊರೆಯುವವರು, ಬೆಳ್ಳಿ ಕೂರಿಸುವವರು ಬೇರೆ ಬೇರೆಯಾಗಿದ್ದರೆ ಕೊರೆದವರ ಮೊದಲ ಅಕ್ಷರವನ್ನೂ ಸೇರಿಸಿ. ಕೆಲಸ ಅವರದು, ಗುರುತೂ ಅವರಿಗೆ ಸಲ್ಲಬೇಕು. ಕೀಚೈನಿನಂಥ ಸಣ್ಣ ವಸ್ತುಗಳಿಗೆ ಒಂದು ಉಕ್ಕಿನ ಅಚ್ಚು ಮಾಡಿಸಿಕೊಳ್ಳಿ.

ವ್ಯಾಪಾರಿ ಒಪ್ಪದೇ ಇರಬಹುದು. ಇಲ್ಲಿ ನಾನು ಎಚ್ಚರಿಕೆಯ ಕಡೆಗೇ ನಿಲ್ಲುತ್ತೇನೆ. ಮುಂಗಡ ಕೊಟ್ಟು ವರ್ಷಪೂರ್ತಿ ಮಾಲು ಎತ್ತುವವನ ಜೊತೆ ಒಂದೇ ದಿನದಲ್ಲಿ ಜಗಳ ತೆಗೆದು ಒಲೆ ಆರಿಸಿಕೊಳ್ಳಬೇಡಿ. ಹಳೆಯ ವಿನ್ಯಾಸಗಳನ್ನು ಅವನಿಗೆ ಮೊದಲಿನಂತೆ ಕೊಡುತ್ತಿರಿ. ಹೊಸ ವಿನ್ಯಾಸ ಬೇಕೆಂದರೆ ತಳದಲ್ಲಿ ಹೆಸರಿರುತ್ತದೆ ಎಂದು ಮೊದಲೇ ಹೇಳಿಬಿಡಿ. ಮೇಳಗಳಿಗೆ, ಕಾವೇರಿ ಮಳಿಗೆಗೆ, ಮನೆಗೇ ಬರುವ ಗಿರಾಕಿಗೆ ಹೋಗುವ ಪ್ರತಿಯೊಂದರ ಮೇಲೂ ಹೆಸರಿರಲಿ.

ಬಂಗಾರದ ಬಣ್ಣದ ಪೆಟ್ಟಿಗೆ ಖಂಡಿತ ಬೇಡ. ಬಿದ್ರಿಯ ಅಂದವೇ ಕಪ್ಪು ಬಿಳುಪಿನಲ್ಲಿದೆ, ಅದರ ಪಕ್ಕದಲ್ಲಿ ಮಿನುಗುವ ಹಳದಿ ಕಾಗದ ಕಣ್ಣಿಗೆ ಚುಚ್ಚುತ್ತದೆ. ಸಾದಾ ರಟ್ಟಿನ ಪೆಟ್ಟಿಗೆ ಸಾಕು. ಉಳಿದ ಹಣವನ್ನು ಒಳಗಿನ ಮೆತ್ತೆಗೆ ಹಾಕಿ. ಸತುವಿನ ಎರಕ ಕೆಳಗೆ ಬಿದ್ದರೆ ಒಡೆಯುತ್ತದೆ ಎಂಬುದು ನಿಮಗೆ ಗೊತ್ತು, ಕೊರಿಯರ್ ಹುಡುಗನಿಗೆ ಗೊತ್ತಿಲ್ಲ.

ಪೆಟ್ಟಿಗೆಯೊಳಗೆ ಒಂದು ಚೀಟಿ ಇರಲಿ. ‘ರಾಜಮನೆತನದ ರಹಸ್ಯ ಸೂತ್ರ’ ಎಂಬಂಥ ಬಡಾಯಿ ಬೇಡ. ಇದು ಸತು ತಾಮ್ರದ ಎರಕ, ಕುಸುರಿ ಮಾತ್ರ ಬೆಳ್ಳಿಯದು ಎಂದು ನೇರವಾಗಿ ಬರೆಯಿರಿ. ಇಡೀ ವಸ್ತುವೇ ಬೆಳ್ಳಿಯದು ಎಂಬ ಭ್ರಮೆ ಹುಟ್ಟಿಸಿ ಮಾರುವವರು ನಿಮ್ಮ ಕಸುಬಿನ ಮರ್ಯಾದೆ ಕಳೆಯುತ್ತಿದ್ದಾರೆ. ಹುಣಸೆಹುಳಿ, ನಿಂಬೆಹುಳಿ, ಬೆಳ್ಳಿ ತೊಳೆಯುವ ದ್ರಾವಣ ಯಾವುದನ್ನೂ ಹಾಕಬಾರದು, ಒಣ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು ಎಂದು ತಿಳಿಸಿ. ಹುಳಿ ಹಾಕಿ ತಿಕ್ಕಿ ಕಪ್ಪು ಕಳೆದುಕೊಂಡ ಗಿರಾಕಿ ಬೈಯುವುದು ನಿಮ್ಮನ್ನೇ. ಚೀಟಿಯ ಕೊನೆಗೆ ನಿಮ್ಮ ಮೊಬೈಲ್ ಸಂಖ್ಯೆ ಇರಲಿ. ವೆಬ್‌ಸೈಟಿಗೆ ಅವಸರವಿಲ್ಲ.

ಇಷ್ಟೆಲ್ಲ ಆದ ಮೇಲೆ ಆ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಆನ್‌ಲೈನ್ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ‘ಬಿದ್ರಿ’ ಎಂಬ ಹೆಸರನ್ನು ನಿಮ್ಮ ಒಬ್ಬರದೇ ಎಂದು ಯಾರೂ ಬರೆದುಕೊಡುವುದಿಲ್ಲ, ಮನೆತನದ ಹೆಸರಿಗೆ ಕೇಳಿ. ಅದಕ್ಕೆ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಅದೇ ಹೆಸರು ಬೇರೆಯವರದಾಗಿದೆಯೇ ನೋಡಿ. ನೋಡುವುದಕ್ಕೆ ದುಡ್ಡಿಲ್ಲ. ತಳದಲ್ಲಿ ನೀವೇ ಬರೆದ ಅಕ್ಷರ ಚೆನ್ನಾಗಿ ಕೂತರೆ ಅದೇ ನಿಮ್ಮ ಲೋಗೊ. ಮಗನಿಗೆ ಈ ಉತ್ತರ ಓದಿಸಿ. ಅವನ ಉತ್ಸಾಹ ಒಳ್ಳೆಯದೇ, ಅದು ಸರಿಯಾದ ಕಡೆಗೆ ತಿರುಗಲಿ.

ಪ್ರಶ್ನೆ: ಅಂಗಡಿಯ ಇಂಗ್ಲಿಷ್ ಹೆಸರಿಗೆ ಇನ್ನೊಂದು ‘ಎ’ ಸೇರಿಸಿದರೆ ಸಂಖ್ಯೆ ಕೂಡಿಬರುತ್ತದೆ ಎಂದು ಸಂಖ್ಯಾಶಾಸ್ತ್ರಿ ಹೇಳಿದ್ದಾರೆ. ಸೇರಿಸಲೇ?

ಉತ್ತರ: ಬೇಡ. ಹಾಗೆ ಬರೆದರೆ ಮೊಬೈಲ್‌ನಲ್ಲಿ ಹುಡುಕುವ ಗಿರಾಕಿಗೆ ನೀವು ಸಿಗುವುದಿಲ್ಲ. ಅಕ್ಷರಕ್ಕೆ ಇಷ್ಟು ಎಂದು ಹಣ ಕಿತ್ತುಕೊಳ್ಳುವ ಈ ಮಂದಿಯ ಬಾಗಿಲಿಗೆ ಇನ್ನು ಹೋಗಬೇಡಿ.

ಪ್ರಶ್ನೆ: ಯಾದಗಿರಿಯಲ್ಲಿ ಅಂಗಡಿ ತೆರೆಯುತ್ತಿದ್ದೇನೆ. ಬೋರ್ಡಿನಲ್ಲಿ ಕನ್ನಡ ದೊಡ್ಡದಾಗಿದ್ದರೆ ಹಳ್ಳಿಯ ಅಂಗಡಿಯಂತೆ ಕಾಣುತ್ತದೆ ಎಂದು ಗೆಳೆಯರು ಹೇಳುತ್ತಾರೆ.

ಉತ್ತರ: ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ನಂತರ ನಾಮಫಲಕದ 60 ಶೇಕಡಾ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಹಾಗಾಗಿ ಆಯ್ಕೆಯ ಮಾತೇ ಇಲ್ಲ. ಇನ್ನು ಅಂದದ ವಿಚಾರ. ಫ್ಲೆಕ್ಸ್ ಅಂಗಡಿಯಲ್ಲಿ ಇಂಗ್ಲಿಷಿಗೆ ಅಳತೆ ಹಾಕಿದ ಪಟ್ಟಿಯೊಳಗೆ ಕನ್ನಡವನ್ನು ಹಿಸುಕಿ ತುಂಬುತ್ತಾರೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಗುಡಿಸಿಗೆ ಮೇಲೆ ಜಾಗ ಬೇಕು. ಅದು ಸಿಗದಿದ್ದಾಗ ಯಾವ ಅಕ್ಷರವಾದರೂ ವಿಕಾರವಾಗಿಯೇ ಕಾಣುತ್ತದೆ. ಬಲೂ ತಮ್ಮ, ಅನೇಕ್ ಕನ್ನಡದಂಥ ಒಳ್ಳೆಯ ಫಾಂಟ್‌ಗಳು ಉಚಿತವಾಗಿಯೇ ಸಿಗುತ್ತವೆ. ನಿಮ್ಮ ಊರಲ್ಲಿ ಕುಂಚ ಹಿಡಿದು ಬೋರ್ಡ್ ಬರೆಯುವ ಹಿರಿಯ ಪೇಂಟರ್ ಇನ್ನೂ ಇದ್ದರೆ ಅವರಿಂದಲೇ ಬರೆಸಿ. ಅಕ್ಷರದ ಅಳತೆ ಅವರ ಕೈಗೆ ಗೊತ್ತು.

ಪ್ರಶ್ನೆ: ಪರಿಚಯದ ಹುಡುಗನಿಂದ ಲೋಗೊ ಮಾಡಿಸಿ ಹಣವನ್ನೂ ಕೊಟ್ಟಿದ್ದೇನೆ. ಅದು ಈಗ ನನ್ನದೇ ಅಲ್ಲವೆ?

ಉತ್ತರ: ಹಣ ಕೊಟ್ಟ ಮಾತ್ರಕ್ಕೆ ಹಾಗೆಂದು ನಂಬಿ ಕೂರಬೇಡಿ. ಕೃತಿಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಬೇಕು, ಅದರಲ್ಲಿ ಲೋಗೊ ಬರೆದವನ ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷವೆಂದು ಎಣಿಸುತ್ತದೆ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕಷ್ಟೇ ಎಂದು ಎಣಿಸುತ್ತದೆ. ಪೂರ್ಣಾವಧಿಗೆ, ಎಲ್ಲ ದೇಶಗಳಿಗೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಎಷ್ಟು ದೊಡ್ಡದು ಮಾಡಿದರೂ ಒಡೆಯದ ವೆಕ್ಟರ್ ಫೈಲನ್ನೂ ಇಸಿದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಮುದ್ರಣಕ್ಕೆ ಬರುವುದಿಲ್ಲ.

ಪ್ರಶ್ನೆ: ಟ್ರೇಡ್‌ಮಾರ್ಕ್ ನೋಂದಣಿಗೆ ಮೊದಲೇ ವೃತ್ತದೊಳಗಿನ ‘ಆರ್’ ಗುರುತು ಹಾಕಬಹುದೆ?

ಉತ್ತರ: ಕೂಡದು, ಅದು ದಂಡ ಬೀಳುವ ತಪ್ಪು. ‘ಟಿಎಂ’ ಹಾಕಿಕೊಳ್ಳಿ.

ಪ್ರಶ್ನೆ: ಹೊರದೇಶದ ತೊಗರಿ ಬೆರೆಸಿದ ಬೇಳೆಯ ಪಾಕೀಟಿನ ಮೇಲೆ ‘ಗುಲಬರ್ಗಾ ತೊಗರಿ ಬೇಳೆ’ ಎಂದು ಹಾಕಬಹುದೆ? ಎಲ್ಲರೂ ಹಾಕುತ್ತಾರಲ್ಲ.

ಉತ್ತರ: ಹಾಕಬಾರದು. 2019ರಿಂದ ಆ ಹೆಸರಿಗೆ ಜಿಐ ರಕ್ಷಣೆ ಇದೆ. ಈ ಕಪ್ಪು ನೆಲದಲ್ಲಿ ತೊಗರಿ ಬೆಳೆಯುವ ರೈತರ ಆಸ್ತಿ ಅದು. ಬೆರಕೆ ಮಾಲು ಮಾರಲೇಬೇಕೆಂದಿದ್ದರೆ ಬೇರೆ ಹೆಸರು ಇಟ್ಟುಕೊಳ್ಳಿ, ಆ ಹೆಸರಿಗೆ ಸಲಹೆ ಕೇಳಿ ನನಗೆ ಬರೆಯಬೇಡಿ.